ನೀರಿನ ಮೀಟರ್ ಕ್ಯಾಮೆರಾ ರಿಪೇರಿ, ಮತ್ತು ವಾರಸುದಾರರಿಲ್ಲದ 145 ಸೆಗ್ಮೆಂಟುಗಳು

ಹೋದ ತಿಂಗಳು ಒಂದು ಮಧ್ಯಾಹ್ನ ಅಮ್ಮ ಆಫೀಸಿಗೆ ಫೋನ್ ಮಾಡಿದರು. "ನಿನ್ನ ಮೀಟರು ಬೆಳಿಗ್ಗೆಯಿಂದ ಅಲ್ಲಾಡೇ ಇಲ್ಲ ಕಣೋ. ಕಾವೇರಿ ಬಂದಿಲ್ಲ. ಟ್ಯಾಂಕರ್‌ಗೆ ಹೇಳಿಬಿಟ್ಟೆ." ಟ್ಯಾಂಕರ್ ಬಂತು. ಪೈಪ್ ಬಿಡೋಕೆ ಅಂತ ಸಂಪಿನ ಮುಚ್ಚಳ ತೆಗೆದರೆ ನೀರು ಕತ್ತಿನವರೆಗೆ ನಿಂತಿದೆ. ಟ್ಯಾಂಕರ್‌ನವನು ಬಂದ ಖರ್ಚು ಅಂತ ಇನ್ನೂರು ರೂಪಾಯಿ ಇಸ್ಕೊಂಡು ಪಕ್ಕದ ರಸ್ತೆಗೆ ಹೋದ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬಂದ ನೀರು ನಮ್ಮ ಸಂಪಿಗೆ ಬಿದ್ದಿದ್ದು ಮೀಟರ್ ಓದೋಕೆ ಅಂತಲೇ ನಾನು ಐದಡಿ ಪಕ್ಕದಲ್ಲಿ ಕೂರಿಸಿದ ಕಂಪ್ಯೂಟರಿಗೆ ಗೊತ್ತಾಗಿಲ್ಲ ಅಂದರೆ ನಾಚಿಕೆಯ ವಿಷಯ ಅಲ್ವಾ. ಹಾಗಾಗಿ ಶನಿವಾರ, ಭಾನುವಾರ ಎರಡೂ ಇದಕ್ಕೇ ಹೋದವು. ಮಾಡಿದ್ದನ್ನು ಹಾಗೇ ಬರೆದಿಟ್ಟಿದ್ದೇನೆ, ತಪ್ಪುಗಳ ಸಮೇತ.

ಮೊದಲು ಏನಿದೆ ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದು ಹಳೇ ಎರಡಂತಸ್ತಿನ ಮನೆ. ನೀರು ದಿನ ಬಿಟ್ಟು ದಿನ ಬರುತ್ತದೆ, ಹೊತ್ತು ಗೊತ್ತಿಲ್ಲ. ಮೀಟರ್ ಇರುವುದು ಗೇಟಿನ ಹತ್ತಿರದ ಗುಂಡಿಯಲ್ಲಿ. ಅದರ ಮೇಲೆ ಒಂದು ಯುಎಸ್‌ಬಿ ವೆಬ್‌ಕ್ಯಾಮ್, ಎಸ್.ಪಿ. ರೋಡಿನಲ್ಲಿ ತಂದ ಎಲ್‌ಇಡಿ ಪಟ್ಟಿ, ಕಾರ್‌ಶೆಡ್ಡಿನ ಗೋಡೆಗೆ ಸಿಕ್ಕಿಸಿದ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಲಿನಕ್ಸ್ ಕಂಪ್ಯೂಟರ್. ಒಂದು ಜಿಬಿ ರ‍್ಯಾಮ್. ಅದರಲ್ಲಿ ಮೂರು ಪ್ರೋಗ್ರಾಂ. ಕ್ಯಾಮೆರಾದಿಂದ ಚಿತ್ರ ತೆಗೆಯುವುದು ಒಂದು, ಸಿ ಭಾಷೆಯಲ್ಲಿ. ಐದು ನಿಮಿಷಕ್ಕೊಮ್ಮೆ ಎದ್ದು ಅಂಕಿ ಓದಿ ಮಲಗುವುದು ಇನ್ನೊಂದು, ಅದೂ ಸಿ. ಅಮ್ಮನ ಟ್ಯಾಬ್ಲೆಟ್‌ಗೆ ಚಿತ್ರ ಕೊಡುವುದು ಮೂರನೆಯದು, ಪೈಥಾನ್. ಮೂರೂ ಬೇರೆ ಬೇರೆ ಪ್ರೋಸೆಸ್, ಅಂದರೆ ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಂ, ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ಚಿತ್ರ ಮಾತ್ರ ಒಂದೇ ಶೇರ್ಡ್ ಮೆಮೊರಿ ಸೆಗ್ಮೆಂಟಿನಲ್ಲಿ, ಅಂದರೆ ಮೂವರೂ ಹಂಚಿಕೊಳ್ಳುವ ಮೆಮೊರಿ ತುಂಡಿನಲ್ಲಿ.

ಅಳತೆ ಹೀಗೆ. 640 ಇಂಟು 480 ಚಿತ್ರ, ಪಿಕ್ಸೆಲ್‌ಗೆ ಎರಡು ಬೈಟ್, ಅಲ್ಲಿಗೆ ಒಂದು ಚಿತ್ರಕ್ಕೆ 6,14,400 ಬೈಟ್. ಅಂಥ ಎಂಟು ಚಿತ್ರ ಸುತ್ತಿ ಸುತ್ತಿ ತುಂಬುವ ರಿಂಗ್. ಮುಂದೆ 4096 ಬೈಟಿನ ಹೆಡರ್. ಒಟ್ಟು 49,19,296 ಬೈಟ್. ಈ ಸಂಖ್ಯೆ ನನಗೆ ಈಗ ಕನಸಿನಲ್ಲೂ ಬರುತ್ತದೆ.

ಟ್ಯಾಂಕರ್ ಬಂದ ದಿನ ಸಂಜೆಯೇ ಶುರು ಮಾಡಿದೆ, ಪೈಗೆ ಲಾಗಿನ್ ಆಗೋಕೇ ಒಂದು ನಿಮಿಷ ಬೇಕಾಯಿತು. ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಹೊಡೆದರೆ ಸ್ವಾಪ್ (ಮೆಮೊರಿ ಸಾಲದಾಗ ಕಾರ್ಡಿನಲ್ಲಿ ಬಳಸುವ ಜಾಗ) ಪೂರ್ತಿ ತುಂಬಿದೆ, ಬಫ್-ಕ್ಯಾಶ್ ಕಾಲಂ ದಪ್ಪಗೆ ಊದಿಕೊಂಡಿದೆ. ಕ್ಯಾಶ್ ಅಂದರೆ ಫೈಲುಗಳ ತಾತ್ಕಾಲಿಕ ನಕಲು ತಾನೇ, ಬೇಕಾದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಬಿಡುತ್ತದೆ ಅಂತ, ಅದನ್ನು ಖಾಲಿ ಮಾಡಿಸುವ ಡ್ರಾಪ್ ಕ್ಯಾಶಸ್‌ಗೆ 3 ಬರೆದೆ. ಒಂಚೂರೂ ಇಳಿಯಲಿಲ್ಲ. ಆಗ ಕಣ್ಣಿಗೆ ಬಿತ್ತು, ಪಕ್ಕದ ಶೇರ್ಡ್ ಕಾಲಂನಲ್ಲಿ ಹತ್ತಿರ ಹತ್ತಿರ 700 ಎಂಬಿ. ಶೇರ್ಡ್ ಮೆಮೊರಿಯನ್ನೂ ಫ್ರೀ ಕಮಾಂಡ್ ಕ್ಯಾಶ್ ಲೆಕ್ಕದಲ್ಲೇ ಸೇರಿಸಿ ತೋರಿಸುತ್ತದೆ, ಆದರೆ ಅದನ್ನು ಕರ್ನೆಲ್ ಎಸೆಯುವ ಹಾಗಿಲ್ಲ, ಅದಕ್ಕೆ ಹಿಂದೆ ಯಾವ ಫೈಲೂ ಇಲ್ಲ, ಹೆಚ್ಚೆಂದರೆ ಸ್ವಾಪ್‌ಗೆ ತಳ್ಳಬಹುದು ಅಷ್ಟೇ. ಕರ್ನೆಲ್ ಲಾಗ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೆಮೊರಿ ಸಾಲದೆ ಅಂಕಿ ಓದುವ ಪ್ರೋಗ್ರಾಂ ಎರಡು ಸಲ ಕೊಲೆಯಾಗಿದೆ. ಪಾಪ, ಅದನ್ನು ಕೊಂದು ಏನೂ ಉಪಯೋಗ ಇರಲಿಲ್ಲ. ಮೆಮೊರಿ ತಿಂದಿದ್ದು ಬದುಕಿರುವ ಯಾವ ಪ್ರೋಸೆಸ್ಸೂ ಅಲ್ಲ.

ಇರುವ ಸೆಗ್ಮೆಂಟುಗಳ ಪಟ್ಟಿ ಕೊಡುವ ಐಪಿಸಿಎಸ್ ಮೈನಸ್ ಎಂ ಹೊಡೆದೆ. ಪಟ್ಟಿ ಪರದೆ ದಾಟಿ ಓಡಿತು. ಎಣಿಸಿದರೆ 147 ಸೆಗ್ಮೆಂಟು, ಎಲ್ಲದರ ಸೈಜೂ 4919296. ಎನ್‌ಅಟ್ಯಾಚ್ ಅಂತ ಒಂದು ಕಾಲಂ ಇರುತ್ತದೆ, ಎಷ್ಟು ಪ್ರೋಸೆಸ್ ಅಂಟಿಕೊಂಡಿವೆ ಅಂತ ಹೇಳುವುದು. 145ಕ್ಕೆ ಸೊನ್ನೆ. ಎರಡಕ್ಕೆ ಒಂದೊಂದು. ಇರಬೇಕಾದದ್ದು ಒಂದೇ ಸೆಗ್ಮೆಂಟು, ಅದಕ್ಕೆ ಎರಡು (ಅಂಕಿ ಓದುವುದು ಆಗ ಮಲಗಿರುತ್ತದೆ). ಮೈನಸ್ ಎಂಪಿ ಹಾಕಿ ಪಿಐಡಿ (ಪ್ರೋಸೆಸ್‌ಗಳ ನಂಬರ್) ನೋಡಿದರೆ ಕಥೆ ಅಲ್ಲೇ ಇತ್ತು. ಕ್ಯಾಮೆರಾ ಒಂದು ಸೆಗ್ಮೆಂಟಿಗೆ ಬರೆಯುತ್ತಿದೆ, ಟ್ಯಾಬ್ಲೆಟ್‌ಗೆ ಕೊಡುವ ಪ್ರೋಗ್ರಾಂ ಇನ್ನೊಂದನ್ನು ಓದುತ್ತಾ ಕೂತಿದೆ. ಅಮ್ಮ ನೋಡುತ್ತಿದ್ದದ್ದು ಹಳೆಯ ಮೆಮೊರಿಯಲ್ಲಿ ಉಳಿದ ಕೊನೆಯ ಚಿತ್ರವನ್ನು.

ಇಲ್ಲಿ ನನ್ನ ಹಳೇ ಪಾಪ ಹೇಳಲೇಬೇಕು. ಈ ಕೋಡ್ ಬರೆದದ್ದು ಕಾಲೇಜಿನ ಲ್ಯಾಬ್ ರೆಕಾರ್ಡ್ ನೆನಪಿನಿಂದ. ಎಫ್‌ಟಾಕ್‌ನಿಂದ ಕೀ (ಸೆಗ್ಮೆಂಟನ್ನು ಗುರುತಿಸುವ ಸಂಖ್ಯೆ), ಶಮ್‌ಗೆಟ್‌ನಿಂದ ಐಡಿ, ಶಮ್‌ಅಟ್‌ನಿಂದ ಅಂಟಿಸಿಕೊಳ್ಳುವುದು, ಕೊನೆಗೆ ಶಮ್‌ಡಿಟಿಯಿಂದ ಬಿಡಿಸಿಕೊಳ್ಳುವುದು. ನನ್ನ ರೆಕಾರ್ಡಿನಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಸಹಿ ಬಿತ್ತು, ಮಾರ್ಕ್ಸ್ ಬಂತು. ಬಿಡಿಸಿಕೊಂಡರೆ ಸೆಗ್ಮೆಂಟ್ ಸಾಯುವುದಿಲ್ಲ, ಪ್ರೋಸೆಸ್ ಸತ್ತರೂ ಸಾಯುವುದಿಲ್ಲ, ಶಮ್‌ಸಿಟಿಎಲ್ ಕರೆದು ತೆಗೆಯಿರಿ ಅಂತ ಹೇಳುವವರೆಗೆ ಅಥವಾ ಮಷಿನ್ ರೀಬೂಟ್ ಆಗುವವರೆಗೆ ಅದು ಅಲ್ಲೇ ಇರುತ್ತದೆ ಅನ್ನುವ ಮಾತು ನನ್ನ ತಲೆಗೆ ಹೋಗಿರಲಿಲ್ಲ. ವಠಾರದ ನಲ್ಲಿ ಇದ್ದ ಹಾಗೆ. ಹಿಡಿಯೋಕೆ ಎಲ್ಲರೂ ಬರುತ್ತಾರೆ, ನಿಲ್ಲಿಸುವುದು ಯಾರ ಕೆಲಸ ಅಂತ ಯಾರೂ ಮಾತಾಡಿಕೊಂಡಿರುವುದಿಲ್ಲ. ಇನ್ನೊಂದು ತಮಾಷೆ, ಪೈ ಇರುವುದು ಯುಪಿಎಸ್ ಲೈನಿನಲ್ಲಿ. ಏಳು ತಿಂಗಳು ಒಂದು ಸಲವೂ ಆಫ್ ಆಗಿರಲಿಲ್ಲ. ಯುಪಿಎಸ್ ಇಲ್ಲದಿದ್ದರೆ ನಮ್ಮ ಬೀದಿಯ ಕರೆಂಟೇ ಇದನ್ನೆಲ್ಲ ವಾರಕ್ಕೊಮ್ಮೆ ಗುಡಿಸಿಬಿಡುತ್ತಿತ್ತು.

ಸರಿ, ಉಳಿದುಕೊಳ್ಳುವುದು ಗೊತ್ತಾಯಿತು. ಆದರೆ 147 ಯಾಕೆ? ಒಂದೇ ಕೀ ಕೊಟ್ಟರೆ ಶಮ್‌ಗೆಟ್ ಇದ್ದ ಸೆಗ್ಮೆಂಟನ್ನೇ ವಾಪಸ್ ಕೊಡಬೇಕು. ಪಟ್ಟಿಯ ಕೀಗಳನ್ನು ಮತ್ತೆ ನೋಡಿದೆ. 57024417, 57024492, 57024608, ಹೀಗೆ. ಎಲ್ಲ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ಸಂಖ್ಯೆ. ಮೊದಲ ನಾಲ್ಕು ಅಂಕಿ ಎಲ್ಲದರಲ್ಲೂ 5702, ಬೇರೆ ಆಗುತ್ತಿರುವುದು ಕೊನೆಯ ನಾಲ್ಕು ಮಾತ್ರ.

ಎಫ್‌ಟಾಕ್ ಹೇಗೆ ಕೀ ಕಟ್ಟುತ್ತದೆ ಅಂತ ಆಗ ಸರಿಯಾಗಿ ಓದಿದೆ. ನಾವು ಒಂದು ಫೈಲಿನ ಹೆಸರು, ಒಂದು ಅಕ್ಷರ ಕೊಡುತ್ತೇವೆ. ಅದು ಫೈಲಿನ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ಕೀಯ ಮೇಲಿನ 8 ಬಿಟ್ ನಾವು ಕೊಟ್ಟ ಅಕ್ಷರ, ಮುಂದಿನ 8 ಬಿಟ್ ಡಿವೈಸ್ ನಂಬರಿನ ಬಾಲ, ಉಳಿದ 16 ಬಿಟ್ ಇನೋಡ್ ನಂಬರಿನ (ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಇರುವ ಸಂಖ್ಯೆ) ಬಾಲ. ನಾನು ಕೊಟ್ಟ ಅಕ್ಷರ ವಾಟರ್‌ನ ಡಬ್ಲ್ಯು, ಹೆಕ್ಸಿನಲ್ಲಿ 57. ರೂಟ್ ಪಾರ್ಟಿಷನ್ ಎಸ್‌ಡಿ ಕಾರ್ಡಿನ ಎರಡನೆಯದು, ಅದು 02. ಕೊನೆಯ ನಾಲ್ಕು ಅಂಕಿ ಇನೋಡ್. ಅಂದರೆ ನಾನು ಎಫ್‌ಟಾಕ್‌ಗೆ ಕೊಟ್ಟಿದ್ದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಇನೋಡ್ ಬದಲಾಗುತ್ತಿದೆ.

ಯಾಕೆ ಬದಲಾಗದೆ ಇರುತ್ತದೆ! ವೆಬ್‌ಕ್ಯಾಮ್ ಆಗಾಗ ಮರಗಟ್ಟುತ್ತದೆ ಅಂತ ರಾತ್ರಿ ಹನ್ನೆರಡಕ್ಕೆ ಎಲ್ಲವನ್ನೂ ರೀಸ್ಟಾರ್ಟ್ ಮಾಡುವ ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಇಟ್ಟಿದ್ದೆ. ಅದಕ್ಕೂ ಮೊದಲು ಸೆಡ್ ಮೈನಸ್ ಐ ಅನ್ನುವ, ಫೈಲ್ ತಿದ್ದುವ ಕಮಾಂಡ್ ಹಾಕಿ ಕಾನ್ಫಿಗ್‌ನಲ್ಲಿ ಆ ದಿನದ ಫೋಲ್ಡರ್ ಹೆಸರು ತಿದ್ದುತ್ತಿದ್ದೆ. ಸೆಡ್ ಮೈನಸ್ ಐ ಹಳೆಯ ಫೈಲಿನಲ್ಲಿ ತಿದ್ದುವುದಿಲ್ಲ. ಹೊಸ ಫೈಲ್ ಬರೆದು, ಹಳೆಯದರ ಹೆಸರಿನ ಮೇಲೆ ಕೂರಿಸುತ್ತದೆ. ಹೊಸ ಫೈಲು, ಹೊಸ ಇನೋಡ್, ಹೊಸ ಕೀ, ಹೊಸ ಸೆಗ್ಮೆಂಟು. ದಿನಾ ರಾತ್ರಿ 4.7 ಎಂಬಿ ದೇವರಿಗೆ. ಮೂರೂ ಒಟ್ಟಿಗೆ ರೀಸ್ಟಾರ್ಟ್ ಆಗುತ್ತಿದ್ದರಿಂದ ಹಗಲು ಎಲ್ಲ ಸರಿಯಾಗಿ ಕಾಣುತ್ತಿತ್ತು. ಟ್ಯಾಂಕರ್ ಬಂದ ದಿನ ಬೆಳಿಗ್ಗೆ ನಾನು ಎಲ್‌ಇಡಿ ಬೆಳಕು ಜಾಸ್ತಿ ಮಾಡೋಕೆ ಅಂತ ಕೈಯಾರೆ ಅದೇ ಸೆಡ್ ಹೊಡೆದು ಕ್ಯಾಮೆರಾ ಒಂದನ್ನೇ ರೀಸ್ಟಾರ್ಟ್ ಮಾಡಿದ್ದೆ. ಇನ್ನೂರು ರೂಪಾಯಿ ನನ್ನದೇ ತಪ್ಪು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಖಚಿತ ಮಾಡಿಕೊಳ್ಳೋಣ ಅಂತ ಸೆಡ್, ರೀಸ್ಟಾರ್ಟ್, ಮತ್ತೆ ಸೆಡ್, ರೀಸ್ಟಾರ್ಟ್ ಅಂತ ಐದು ಸಲ ಮಾಡಿದರೆ ಸೆಗ್ಮೆಂಟು ಐದು ಜಾಸ್ತಿ ಆಗಲಿಲ್ಲ. ಒಂದೇ ಜಾಸ್ತಿ ಆಯಿತು. ಇಲ್ಲಿ ಅರ್ಧ ಗಂಟೆ ತಲೆ ಕೆಟ್ಟಿತು. ಕೊನೆಗೆ ಇನೋಡ್ ತೋರಿಸುವ ಎಲ್‌ಎಸ್ ಮೈನಸ್ ಐ ಹಾಕಿ ಪ್ರತಿ ಸಲ ನೋಡಿದೆ. ನನ್ನ ಕಾರ್ಡಿನಲ್ಲಿ ಇನೋಡ್ ಎರಡೇ ನಂಬರಿನ ನಡುವೆ ಆಚೆ ಈಚೆ ಓಡಾಡುತ್ತಿತ್ತು. ಹೊಸ ಫೈಲ್ ಹುಟ್ಟಿದ ಮೇಲೆ ಹಳೆಯದರ ಇನೋಡ್ ಖಾಲಿ ಆಗುತ್ತದೆ, ಮುಂದಿನ ಸಲ ಅದನ್ನೇ ಎತ್ತಿಕೊಡುತ್ತದೆ. ರಾತ್ರಿಯಿಂದ ರಾತ್ರಿಗೆ ಮಧ್ಯೆ ಬೇರೆ ಫೈಲುಗಳು ಬಂದು ಆ ಜಾಗ ಹಿಡಿಯುವುದರಿಂದ ನಂಬರ್ ಹೊಸದಾಗುತ್ತಿತ್ತು. ಎಲ್ಲ ರಾತ್ರಿಯೂ ಅಲ್ಲ. ಅದಕ್ಕೇ ಏಳು ತಿಂಗಳಿಗೆ ಇನ್ನೂರಹತ್ತು ಆಗದೆ 147. ಹಳೆಯ ನಂಬರ್ ವಾಪಸ್ ಬಂದ ರಾತ್ರಿ ಇನ್ನೂ ಮಜಾ, ಶಮ್‌ಗೆಟ್ ಯಾವುದೋ ಹಳೇ ಸೆಗ್ಮೆಂಟನ್ನು ಕೊಡುತ್ತದೆ, ಕ್ಯಾಮೆರಾ ಬರೆಯುವವರೆಗೆ ಹಿಂದಿನ ವಾರದ ಚಿತ್ರ ಕಾಣುತ್ತದೆ.

ಮೊದಲು ಗುಡಿಸುವ ಕೆಲಸ. ಐಪಿಸಿಎಸ್ ಪಟ್ಟಿಯಲ್ಲಿ ಆರನೇ ಕಾಲಂ ಸೊನ್ನೆ ಇದ್ದರೆ ಎರಡನೇ ಕಾಲಂನ ಐಡಿ ತೆಗೆದು, ಸೆಗ್ಮೆಂಟ್ ಅಳಿಸುವ ಐಪಿಸಿಆರ್‌ಎಂ ಮೈನಸ್ ಎಂಗೆ ಕೊಡುವ ಒಂದು ಸಾಲಿನ ಆಕ್ ಸ್ಕ್ರಿಪ್ಟ್. ಎರಡು ಸೆಕೆಂಡಿನಲ್ಲಿ 700 ಎಂಬಿ ವಾಪಸ್. ಇದನ್ನು ಕಂಡ ಕಂಡ ಮಷಿನ್ನಿನಲ್ಲಿ ಮಾಡಬೇಡಿ. ಸೊನ್ನೆ ಇದ್ದ ಮಾತ್ರಕ್ಕೆ ಅನಾಥ ಅಂತ ಅಲ್ಲ, ಯಾವುದೋ ಪ್ರೋಗ್ರಾಂ ಬಿಟ್ಟು ಹೋಗಿ ಆಮೇಲೆ ಬರುವುದೂ ಇರುತ್ತದೆ. ನನ್ನ ಪೈಯಲ್ಲಿ ಇದ್ದದ್ದೆಲ್ಲ ನನ್ನದೇ, ಅದಕ್ಕೆ ಧೈರ್ಯ.

ಸುಮ್ನೆ ಕುತೂಹಲಕ್ಕೆ, ಪೈಥಾನ್ ಅಂಟಿಕೊಂಡಿದ್ದ ಹಳೆಯದನ್ನೂ ಐಪಿಸಿಆರ್‌ಎಂ ಮಾಡಿದೆ. ಅದು ಹೋಗಲಿಲ್ಲ. ಕೀ ಎಲ್ಲ ಸೊನ್ನೆ ಆಯಿತು, ಸ್ಟೇಟಸ್‌ನಲ್ಲಿ ಡೆಸ್ಟ್ ಅಂತ ಬಂತು, ಟ್ಯಾಬ್ಲೆಟ್‌ನಲ್ಲಿ ಅದೇ ಹಳೇ ಚಿತ್ರ. ಬಾಡಿಗೆದಾರರು ಒಳಗಿರುವಾಗ ಮನೆ ಕೆಡವುವ ಹಾಗಿಲ್ಲ, ಹೊಸಬರು ಬರದ ಹಾಗೆ ಬೋರ್ಡ್ ತೆಗೆಯಬಹುದು ಅಷ್ಟೇ. ಪೈಥಾನ್ ರೀಸ್ಟಾರ್ಟ್ ಮಾಡಿದ ಮೇಲೆ ತಾನಾಗಿ ಹೋಯಿತು.

ಕರ್ನೆಲ್‌ನಲ್ಲಿ ಶಮ್ ಆರ್‌ಎಂಐಡಿ ಫೋರ್ಸ್ಡ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು 1 ಮಾಡಿದರೆ ಯಾರೂ ಅಂಟಿಕೊಂಡಿರದ ಸೆಗ್ಮೆಂಟನ್ನು ಕರ್ನೆಲ್ಲೇ ತೆಗೆದುಹಾಕುತ್ತದೆ. ಒಂದು ಕ್ಷಣ ಆಸೆ ಆಯಿತು, ಶನಿವಾರ ಸಂಜೆ ಉಳಿಯುತ್ತದೆ ಅಂತ. ಆದರೆ ಅದು ಸೋರಿಕೆಗೆ ಮದ್ದು, ನಿಂತ ಚಿತ್ರಕ್ಕಲ್ಲ. ಕ್ಯಾಮೆರಾ ಒಂದು ಕಡೆ, ಪೈಥಾನ್ ಒಂದು ಕಡೆ ಆಗುವುದು ಹಾಗೇ ಉಳಿಯುತ್ತದೆ.

ಹಾಗಾಗಿ ಪಾಸಿಕ್ಸ್ ಅನ್ನುವ ಇನ್ನೊಂದು ಬಗೆಯ ಶೇರ್ಡ್ ಮೆಮೊರಿಗೆ ಹೋದೆ. ನಾನು ಬಳಸುತ್ತಿದ್ದದ್ದು ಸಿಸ್ಟಂ ಫೈವ್ ಶೈಲಿ, 1983ರ ಯೂನಿಕ್ಸ್‌ನಿಂದ ಬಂದದ್ದು. ಪಾಸಿಕ್ಸ್‌ನದು ಹತ್ತು ವರ್ಷ ಆಮೇಲಿನದು. ಇಲ್ಲಿ ಕೀ ಇಲ್ಲ, ಹೆಸರು ಇದೆ. ಶಮ್ ಓಪನ್‌ಗೆ "ಮೀಟರ್" ಅಂತ ಹೆಸರು ಕೊಟ್ಟರೆ ಲಿನಕ್ಸ್‌ನಲ್ಲಿ ಡೆವ್ ಶಮ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ಹುಟ್ಟುತ್ತದೆ. ಎಲ್‌ಎಸ್ ಹೊಡೆದರೆ ಕಾಣುತ್ತದೆ, ಆರ್‌ಎಂ ಹೊಡೆದರೆ ಹೋಗುತ್ತದೆ. ಆಮೇಲೆ ಎಫ್‌ಟ್ರಂಕೇಟ್‌ನಿಂದ ಸೈಜ್, ಎಂಮ್ಯಾಪ್‌ನಿಂದ ನಮ್ಮ ವಿಳಾಸಕ್ಕೆ ತರುವುದು. ಎಫ್‌ಟ್ರಂಕೇಟ್ ಮರೆತೆ. ಓಪನ್ ಆಯಿತು, ಎಂಮ್ಯಾಪ್ ಕೂಡ ಆಯಿತು, ಮೊದಲ ಬೈಟ್ ಬರೆದ ಕೂಡಲೇ ಬಸ್ ಎರರ್ ಅಂತ ಪ್ರೋಗ್ರಾಂ ಸತ್ತಿತು. ಸೊನ್ನೆ ಸೈಜಿನ ಫೈಲಿಗೆ ಬರೆಯುತ್ತಿದ್ದೆ. ಆಮೇಲೆ ಪರ್ಮಿಷನ್. 0660 (ಒಡೆಯ, ಗುಂಪು ಇಬ್ಬರೂ ಓದಿ ಬರೆಯಬಹುದು) ಕೊಟ್ಟರೂ, ಹೊಸ ಫೈಲಿನ ಹಕ್ಕು ಕತ್ತರಿಸುವ ಯುಮಾಸ್ಕ್ 022 ಇದ್ದದ್ದರಿಂದ 0640 ಆಗಿ, ಅಂಕಿ ಓದುವವನಿಗೆ ಬರೆಯುವ ಹಕ್ಕು ಸಿಗಲಿಲ್ಲ. ಓಪನ್ ಆದ ಮೇಲೆ ಹಕ್ಕು ತಿದ್ದುವ ಎಫ್‌ಸಿಎಚ್‌ಮಾಡ್ ಹಾಕಿದೆ. ಓದುವವನಿಗೆ ಬರೆಯುವ ಹಕ್ಕು ಯಾಕೆ ಅಂದರೆ ಬೀಗಕ್ಕೆ. ಅದಕ್ಕೆ ಬರುತ್ತೇನೆ.

ಮೊದಲ ಆವೃತ್ತಿಯಲ್ಲಿ ಕ್ಯಾಮೆರಾ ಶುರುವಾದ ಕೂಡಲೇ ಹಳೆಯದನ್ನು ಅನ್‌ಲಿಂಕ್ ಮಾಡಿ ಹೊಸದು ಹುಟ್ಟಿಸುತ್ತಿತ್ತು. ಶುದ್ಧವಾಗಿರುತ್ತದೆ ಅಂದುಕೊಂಡೆ. ಕ್ಯಾಮೆರಾ ರೀಸ್ಟಾರ್ಟ್ ಮಾಡಿದೆ, ಟ್ಯಾಬ್ಲೆಟ್‌ನಲ್ಲಿ ಚಿತ್ರ ನಿಂತಿತು! ಅದೇ ಕಾಯಿಲೆ, ಬೇರೆ ಆಸ್ಪತ್ರೆ. ಅನ್‌ಲಿಂಕ್ ಹೆಸರನ್ನು ಮಾತ್ರ ತೆಗೆಯುತ್ತದೆ, ಮ್ಯಾಪ್ ಮಾಡಿಕೊಂಡವರು ಹಳೆಯದನ್ನೇ ಹಿಡಿದಿರುತ್ತಾರೆ. ಆಗ ನಿಯಮ ತಿರುಗಿಸಿದೆ. ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಮಾತ್ರ ಹುಟ್ಟಿಸು. ಸೈಜ್ ಎಂದೂ ಚಿಕ್ಕದು ಮಾಡಬೇಡ, ಮಾಡಿದರೆ ಓದುತ್ತಿರುವವನಿಗೆ ಬಸ್ ಎರರ್. ಹೆಡರಿನಲ್ಲಿ ಒಂದು ಗುರುತಿನ ಸಂಖ್ಯೆ, ಲೇಔಟ್ ಆವೃತ್ತಿ, ಚಿತ್ರದ ಕ್ರಮಸಂಖ್ಯೆ, ಮತ್ತು ಮಾನೊಟಾನಿಕ್ (ಎಂದೂ ಹಿಂದಕ್ಕೆ ಹೋಗದ) ಗಡಿಯಾರದ ಹೊತ್ತು. ಆ ಗಡಿಯಾರ ಒಂದೇ ಬೂಟ್‌ನಲ್ಲಿ ಎಲ್ಲ ಪ್ರೋಸೆಸ್‌ಗೂ ಒಂದೇ. ಹೊತ್ತು ಐದು ಸೆಕೆಂಡಿಗಿಂತ ಹಳೆಯದಾದರೆ ಪೈಥಾನ್ ಚಿತ್ರದ ಮೇಲೆ ಕೆಂಪಗೆ "ಹಳೇ ಚಿತ್ರ, ನಂಬಬೇಡಿ" ಅಂತ ಬರೆಯುತ್ತದೆ. ಇಡೀ ರಿಪೇರಿಯಲ್ಲಿ ಅಮ್ಮನಿಗೆ ಇಷ್ಟವಾದದ್ದು ಇದೊಂದೇ.

ಗುರುತಿನ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು, ಹೆಡರ್ ತಯಾರಾಗಿದೆ ಅಂತ ಅದೇ ಸೂಚನೆ. ನನ್ನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಕೊನೆಯ ಸಾಲಿನಲ್ಲಿ ಬರೆದರೂ ನಡೆಯುತ್ತಿತ್ತು. ಪೈಯದು ಆರ್ಮ್ ಚಿಪ್, ಬರೆದ ಕ್ರಮದಲ್ಲೇ ಬೇರೆ ಕೋರ್‌ಗೆ ಕಾಣಬೇಕು ಅಂತ ಅಲ್ಲಿ ಗ್ಯಾರಂಟಿ ಇಲ್ಲ. ಹಾಗಾಗಿ ಕ್ರಮ ಕಾಯುವ ಅಟಾಮಿಕ್ ರಿಲೀಸ್ ಹಾಕಿ ಬರೆದು, ಓದುವ ಕಡೆ ಅಕ್ವೈರ್ ಹಾಕಿದೆ. ಹೆಡರಿನಲ್ಲಿ ಪಾಯಿಂಟರ್ (ಮೆಮೊರಿ ವಿಳಾಸ) ಒಂದೂ ಇಟ್ಟಿಲ್ಲ, ಆಫ್‌ಸೆಟ್ (ಶುರುವಿನಿಂದ ಎಷ್ಟು ದೂರ) ಮಾತ್ರ. ಒಂದೇ ಮೆಮೊರಿ ಒಬ್ಬೊಬ್ಬರಿಗೆ ಒಂದೊಂದು ವಿಳಾಸದಲ್ಲಿ ಕಾಣುತ್ತದೆ.

ಬೀಗ. ಅಂದರೆ ಒಬ್ಬ ಬರೆಯುವಾಗ ಇನ್ನೊಬ್ಬ ಓದದ ಹಾಗೆ ತಡೆಯುವುದು. ಮೊದಲು ಬೀಗವೇ ಇರಲಿಲ್ಲ. ಅರ್ಧ ಹಳೇ ಅರ್ಧ ಹೊಸ ಚಿತ್ರ ಓದಿ 3 ಅನ್ನು 8 ಅನ್ನುತ್ತಿತ್ತು. ಈಗ ಹೆಡರಿನಲ್ಲೇ ಪಿಥ್ರೆಡ್ ಮ್ಯೂಟೆಕ್ಸ್ ಅನ್ನುವ ಬೀಗ ಇಟ್ಟೆ, ಪ್ರೋಸೆಸ್ ಶೇರ್ಡ್ ಅಂತ ಗುರುತು ಹಾಕಿ. ಕ್ಯಾಮೆರಾ ಬೀಗ ಹಿಡಿದಿರುವಾಗಲೇ ಅದನ್ನು ಕೊಲ್ಲೋಕೆ ಕಿಲ್ ಮೈನಸ್ ನೈನ್ ಹೊಡೆದೆ. ಓದುವವನು ಹೆಪ್ಪುಗಟ್ಟಿದ. ಎಷ್ಟು ಕಾದರೂ ಇಲ್ಲ. ಬೀಗದ ಕೈ ಹಿಡಿದವನು ಸತ್ತುಹೋಗಿದ್ದಾನೆ. ಇದಕ್ಕೆ ರೋಬಸ್ಟ್ ಅಂತ ಇನ್ನೊಂದು ಗುರುತು ಇದೆ. ಹಾಕಿದರೆ ಮುಂದೆ ಬೀಗ ಕೇಳಿದವನಿಗೆ ಬೀಗವೂ ಸಿಗುತ್ತದೆ, ಜೊತೆಗೆ ಈ-ಓನರ್-ಡೆಡ್ ಅನ್ನುವ ಕೋಡೂ ಬರುತ್ತದೆ. ಆಗ ಅರ್ಧಂಬರ್ಧ ಚಿತ್ರವನ್ನು ಬಿಸಾಕಿ, ಕನ್ಸಿಸ್ಟೆಂಟ್ ಕರೆ ಮಾಡಿ, ಆಮೇಲೆ ಬಿಡಬೇಕು. ನಾನು ಆ ಕರೆ ಮಾಡದೆ ಬಿಟ್ಟೆ. ಆ ಬೀಗ ಖಾಯಂ ಕೆಟ್ಟಿತು, ಸೆಗ್ಮೆಂಟನ್ನೇ ಅಳಿಸಿ ಹೊಸದು ಮಾಡಬೇಕಾಯಿತು.

ಪೈಥಾನ್ ಈ ಬೀಗ ಮುಟ್ಟುವುದಿಲ್ಲ. ಕ್ರಮಸಂಖ್ಯೆ ಓದಿ, ಚಿತ್ರ ನಕಲು ಮಾಡಿ, ಮತ್ತೆ ಕ್ರಮಸಂಖ್ಯೆ ಓದುತ್ತದೆ. ಆ ನಡುವೆ ರಿಂಗ್ ಒಂದು ಸುತ್ತು ಬಂದಿರಬಹುದು ಅಂತ ಕಂಡರೆ ಎಸೆದು ಮತ್ತೆ ತೆಗೆಯುತ್ತದೆ. ಪೈಥಾನ್ 3.8ರಿಂದ ಶೇರ್ಡ್ ಮೆಮೊರಿಗೆ ತನ್ನದೇ ಮಾಡ್ಯೂಲ್ ಇದೆ, ಅದನ್ನೇ ಮೊದಲು ಹಾಕಿದ್ದೆ. ಪೈಥಾನ್ ನಿಲ್ಲಿಸಿದರೆ ಡೆವ್ ಶಮ್‌ನಿಂದ ಮೀಟರ್ ಫೈಲೇ ಮಾಯ! ಅದರ ರಿಸೋರ್ಸ್ ಟ್ರ್ಯಾಕರ್ ಅನ್ನುವ ಅತಿ ಶುಚಿಯ ವ್ಯಕ್ತಿ, ಬರೀ ಓದೋಕೆ ಬಂದಿದ್ದರೂ ಹೋಗುವಾಗ ಮನೆಯನ್ನೇ ಗುಡಿಸಿ ಹೋಗುತ್ತಾನೆ. ಅವನನ್ನು ಸುಮ್ಮನಿರಿಸುವ ಟ್ರ್ಯಾಕ್ ಅನ್ನುವ ಆಯ್ಕೆ ಬಂದದ್ದು 3.13ರಲ್ಲಿ, ನನ್ನ ಪೈಯಲ್ಲಿ ಇರುವುದು 3.11. ಆ ಮಾಡ್ಯೂಲ್ ಕಿತ್ತು, ಡೆವ್ ಶಮ್‌ನ ಫೈಲನ್ನು ಮಾಮೂಲಿ ಫೈಲಿನ ಹಾಗೆ ತೆರೆದು ಎಂಮ್ಯಾಪ್ ಮಾಡಿದೆ. ಮುಗಿಯಿತು.

ಭಾನುವಾರ ರಾತ್ರಿ ಒಂಬತ್ತಕ್ಕೆ ಎಲ್ಲ ಸರಿ ಇತ್ತು. ಲಾಗೌಟ್ ಮಾಡಿ ಊಟಕ್ಕೆ ಕೂತೆ. ಹತ್ತು ನಿಮಿಷಕ್ಕೆ ಫೋನಿಗೆ ಮೆಸೇಜು, ಅಂಕಿ ಓದುವವನಿಗೆ ಮೀಟರ್ ಅನ್ನುವ ಹೆಸರು ಸಿಗುತ್ತಿಲ್ಲ. ಕೈ ತೊಳೆದು ಲಾಗಿನ್ ಆದೆ, ಫೈಲ್ ಇಲ್ಲ. ಕ್ಯಾಮೆರಾ ರೀಸ್ಟಾರ್ಟ್, ಫೈಲ್ ಬಂತು. ಕಾದು ನೋಡಿದೆ, ಇದೆ. ಲಾಗೌಟ್, ಮತ್ತೆ ಮೆಸೇಜು. ನಾನು ನೋಡುತ್ತಿರುವವರೆಗೂ ಸರಿ, ಎದ್ದು ಹೋದರೆ ಮಾಯ. ಮೂರನೇ ಸಲ ಎರಡು ಟರ್ಮಿನಲ್ ತೆರೆದು ಒಂದನ್ನೇ ಮುಚ್ಚಿದೆ, ಏನೂ ಆಗಲಿಲ್ಲ. ಎರಡನ್ನೂ ಮುಚ್ಚಿದರೆ ಮಾಯ. ಆಗ ಹೊಳೆಯಿತು. ಲಾಗಿನ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯ ಲಾಗಿನ್‌ಡಿಯಲ್ಲಿ ರಿಮೂವ್ ಐಪಿಸಿ ಅನ್ನುವ ಸೆಟ್ಟಿಂಗ್ ಇದೆ, ಮೊದಲಿಂದಲೇ ಆನ್. ಒಬ್ಬ ಯೂಸರಿನ ಕೊನೆಯ ಸೆಷನ್ ಮುಗಿದ ಕೂಡಲೇ ಅವನ ಹೆಸರಿನಲ್ಲಿರುವ ಡೆವ್ ಶಮ್ ಫೈಲುಗಳನ್ನೆಲ್ಲ ಅಳಿಸುತ್ತದೆ. ಹಳೇ ಕೋಡ್ ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಆಗಿ ಓಡುತ್ತಿತ್ತು, ರೂಟ್‌ಗೆ ಈ ನಿಯಮ ಇಲ್ಲ. ಈ ಸಲ ಶಿಸ್ತಾಗಿರೋಣ ಅಂತ ನನ್ನ ಯೂಸರ್ ಹೆಸರಿನಲ್ಲೇ ಓಡಿಸಿದ್ದೆ, ಯುಐಡಿ (ಯೂಸರ್ ನಂಬರ್) 1000. ಒಳ್ಳೆಯ ಬುದ್ಧಿ ಬಂದದ್ದಕ್ಕೆ ಶಿಕ್ಷೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ತಮ್ಮ ಕೈಪಿಡಿಯಲ್ಲೇ ಇದರ ಬಗ್ಗೆ ಎಚ್ಚರಿಕೆ ಬರೆದಿದ್ದಾರೆ ಅಂದರೆ ನಾನೊಬ್ಬನೇ ಅಲ್ಲ ಬಿದ್ದವನು.

ಸೆಟ್ಟಿಂಗ್ ಆಫ್ ಮಾಡಬಹುದಿತ್ತು. ಅದರ ಬದಲು ಮೀಟರ್ ಅಂತ ಒಂದು ಸಿಸ್ಟಂ ಯೂಸರ್ ಹುಟ್ಟಿಸಿದೆ, 1000ಕ್ಕಿಂತ ಕೆಳಗಿನ ಯುಐಡಿ, ಅವರನ್ನು ಲಾಗಿನ್‌ಡಿ ಮುಟ್ಟುವುದಿಲ್ಲ. ಕ್ಯಾಮೆರಾ ಆ ಯೂಸರಿನಲ್ಲಿ, ಉಳಿದ ಎರಡೂ ಅದೇ ಗುಂಪಿನಲ್ಲಿ. ಲಾಗೌಟ್ ಮಾಡಿ ತಣ್ಣಗಾದ ಸಾರು ಅನ್ನ ತಿಂದೆ. ಮೆಸೇಜು ಬರಲಿಲ್ಲ.

ಮೂರು ವಾರ ಆಯಿತು. ಡೆವ್ ಶಮ್‌ನಲ್ಲಿ ಒಂದೇ ಫೈಲು, 4919296 ಬೈಟ್. ಈ ನಡುವೆ ಕ್ಯಾಮೆರಾ ನಾಲ್ಕು ಸಲ ತಾನಾಗಿ ಸತ್ತು ಎದ್ದಿದೆ, ಟ್ಯಾಬ್ಲೆಟ್‌ನಲ್ಲಿ ಕೆಂಪು ಅಕ್ಷರ ಬಂದು ಹೋಗಿದೆ. ರಾತ್ರಿಯ ಸೆಡ್ ಹಾಗೇ ಇದೆ, ತೆಗೆಯೋಕೆ ಸೋಮಾರಿತನ. ಈಗ ಉಳಿದಿರುವುದು ಬೇರೆ ತೊಂದರೆ. ಮಳೆ ಬಂದ ಬೆಳಿಗ್ಗೆ ಮೀಟರಿನ ಗಾಜಿನ ಒಳಗಡೆಯೇ ಹಬೆ ಕೂರುತ್ತದೆ, ಕೊನೆಯ ಎರಡು ಅಂಕಿ ಕಾಣುವುದಿಲ್ಲ. ಅಮ್ಮ ಗುಂಡಿಗೆ ಟಾರ್ಚ್ ಬಿಟ್ಟು ಬಗ್ಗಿ ಓದುತ್ತಿದ್ದಾರೆ.